ಸಂಪಾದಕರ ಉತ್ತರ: ‘ಗೋಲ್ಡ್‌ಫಿಂಗರ್’ ಆರನೆಯದೇಕೆ?

ಮಾನ್ಯರೇ,

ಹೆಸರು ಅಚ್ಚು ಹಾಕುವುದು ಬೇಡ, ‘ಮಂಡ್ಯದ ಹಳೆಯ ಪ್ರೇಕ್ಷಕ’ ಎಂದಷ್ಟೇ ಇರಲಿ ಎಂದು ಬರೆದಿದ್ದೀರಿ. ಹಾಗೆಯೇ ಆಗಲಿ. ಹೋದ ಸಂಚಿಕೆಯಲ್ಲಿ ನಾನು ಜೇಮ್ಸ್ ಬಾಂಡ್ ಸರಣಿಯ 25 ಚಿತ್ರಗಳನ್ನು, 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ, ನನ್ನ ಮೆಚ್ಚುಗೆಯ ಕ್ರಮದಲ್ಲಿ ಜೋಡಿಸಿದ್ದೆ. ಅದನ್ನು ಓದಿ ನೀವು ಫುಲ್‌ಸ್ಕೇಪ್ ಹಾಳೆಗಳ ನಾಲ್ಕು ಮಗ್ಗುಲು ತುಂಬ ಆಕ್ಷೇಪ ಬರೆದು ಕಳಿಸಿದ್ದೀರಿ. ಪೂರ್ತಿ ಪತ್ರಕ್ಕೆ ಜಾಗ ಸಾಲದು. ಅದರ ಮುಖ್ಯ ಮಾತು ಮೂರು. ಒಂದೇ ಚಿತ್ರ ಮಾಡಿ ಹೋದ ಜಾರ್ಜ್ ಲೇಜೆನ್‌ಬಿಗೆ ಪಟ್ಟ ಕಟ್ಟಿ ‘ಗೋಲ್ಡ್‌ಫಿಂಗರ್’ ಚಿತ್ರವನ್ನು ಆರಕ್ಕೆ ಇಳಿಸಿದ್ದು ಅನ್ಯಾಯ. ರೋಜರ್ ಮೂರ್ ಅವರ ‘ಆಕ್ಟೊಪಸಿ’ಯನ್ನು ಹತ್ತೊಂಬತ್ತಕ್ಕೆ ತಳ್ಳಿದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಮೈಸೂರಿನಲ್ಲಿ ಪತ್ರಿಕೆ ನಡೆಸುತ್ತಾ, ರಾಜ್‌ಕುಮಾರ್ ಮಾಡಿದ ನಮ್ಮ ಗೂಢಚಾರ ಸಿಐಡಿ 999ರ ಹೆಸರನ್ನೇ ಎತ್ತದೆ ಗೂಢಚಾರರ ಬಗ್ಗೆ ಪುಟಗಟ್ಟಲೆ ಬರೆದದ್ದು ಕ್ಷಮಿಸಲಾಗದ ತಪ್ಪು.

ಮೂರರಲ್ಲಿ ಒಂದನ್ನು ಒಪ್ಪುವುದಿಲ್ಲ, ಒಂದನ್ನು ಅರ್ಧ ಒಪ್ಪುತ್ತೇನೆ, ಒಂದನ್ನು ಪೂರ್ತಿ ಒಪ್ಪುತ್ತೇನೆ.

ಮೊದಲು ಪಟ್ಟದ ವಿಷಯ. ನಾನು ಯುವರಾಜ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿ ಹಳೆಯ ಇಂಗ್ಲಿಷ್ ಚಿತ್ರಗಳು ಭಾನುವಾರದ ಬೆಳಗಿನ ಆಟಕ್ಕೆ ಬರುತ್ತಿದ್ದವು. ಲೇಜೆನ್‌ಬಿಯ ಆ ಒಂದೇ ಬಾಂಡ್ ಚಿತ್ರ, 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’, ಹಾಗೆ ಬಂದಾಗ ನಾನೂ ನನ್ನ ಗೆಳೆಯನೂ ಅವನ ಸೈಕಲ್ಲಿನಲ್ಲಿ ಹೋಗಿದ್ದೆವು. ಕೊನೆಯಲ್ಲಿ ಬಾಂಡ್‌ನ ಮದುವೆಯಾಗುತ್ತದೆ. ಹೂವು, ನಗು, ಅತಿಥಿಗಳು. ಇನ್ನೇನು ಮುಗಿಯಿತೆಂದುಕೊಂಡು ಥಿಯೇಟರಿನವರು ಬಾಗಿಲು ತೆರೆದುಬಿಟ್ಟರು. ಬಿಸಿಲು ಒಳಗೆ ಬಿದ್ದು ಪರದೆ ಅರ್ಧ ಬೆಳ್ಳಗಾಯಿತು. ಸ್ಟ್ಯಾಂಡಿನಲ್ಲಿ ನೂಕುನುಗ್ಗಲು ಆಗುವ ಮೊದಲೇ ಸೈಕಲ್ ತೆಗೆಯುತ್ತೇನೆಂದು ಗೆಳೆಯ ಓಡಿದ. ಮುಂದಿನ ಸಾಲುಗಳೆಲ್ಲ ಎದ್ದವು. ನಾನು ನಡುದಾರಿಯಲ್ಲಿ ನಿಂತೇ ಉಳಿದದ್ದನ್ನು ನೋಡಿದೆ. ಕಾರಿನ ಮೇಲಿನ ಹೂವು ತೆಗೆಯಲು ಬಾಂಡ್ ರಸ್ತೆ ಬದಿಯಲ್ಲಿ ನಿಲ್ಲಿಸುತ್ತಾನೆ. ಇನ್ನೊಂದು ಕಾರು ಪಕ್ಕದಲ್ಲಿ ಹಾದು ಹೋಗುತ್ತದೆ, ಗುಂಡಿನ ಸುರಿಮಳೆ. ಅವನು ಒಳಗೆ ಬಂದು ಕೂತು, ಅಟ್ಟಿಕೊಂಡು ಹೋಗೋಣವೆಂದು ಪಕ್ಕಕ್ಕೆ ತಿರುಗಿದರೆ ಹೆಂಡತಿ ಸತ್ತಿದ್ದಾಳೆ. ವಿಚಾರಿಸಲು ಬಂದ ಪೊಲೀಸನಿಗೆ, ಅವಳು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎನ್ನುತ್ತಾನೆ. ಗುಂಡು ತೂರಿದ ಗಾಜಿನ ಮೇಲೆ ಚಿತ್ರ ಮುಗಿಯುತ್ತದೆ.

ಹೊರಗೆ ಗೆಳೆಯ ಸೈಕಲ್ ಹಿಡಿದು ಕಾಯುತ್ತಿದ್ದ. ‘ಅಂತೂ ಮದುವೆಯಾಯಿತಲ್ಲ, ಪಾಪ’ ಎಂದ. ಕ್ಯಾರಿಯರ್ ಮೇಲೆ ಕೂತ ನಾನು ಅಗ್ರಹಾರದವರೆಗೆ ತುಟಿ ಬಿಚ್ಚಲಿಲ್ಲ. ಮನೆ ಮುಟ್ಟಿದ ಮೇಲೆ ಹೇಳಿದೆ, ಅವನು ನಂಬಲಿಲ್ಲ. ಮುಂದಿನ ಭಾನುವಾರ ನೋಡಿಯೇ ಬಿಡೋಣವೆಂದು ಹೋದರೆ ಚಿತ್ರ ಬದಲಾಗಿತ್ತು. ಅವತ್ತಿನಿಂದ ಇವತ್ತಿನವರೆಗೆ ನನ್ನ ಪಟ್ಟಿಯ ಮೊದಲನೆಯ ಸಾಲು ಬದಲಾಗಿಲ್ಲ.

ಲೇಜೆನ್‌ಬಿಗೆ ನಟನೆ ಬರುವುದಿಲ್ಲ ಎಂದಿದ್ದೀರಿ. ಅವರು ಆಸ್ಟ್ರೇಲಿಯಾದ ರೂಪದರ್ಶಿ, ಚಿತ್ರದಲ್ಲಿ ನಟಿಸಿದ ಅನುಭವ ಇರಲಿಲ್ಲ, ಮಾತಿನಲ್ಲಿ ತಡವರಿಸುತ್ತಾರೆ. ವೇಷ ಮರೆಸಿಕೊಂಡು ಆಲ್ಪ್ಸ್ ಬೆಟ್ಟದ ಮೇಲಿರುವ ಭಾಗದಲ್ಲಿ ಅವರ ದನಿಯೂ ಬೇರೊಬ್ಬರದು. ಇದೆಲ್ಲ ನಿಜ. ಆದರೆ ದಯವಿಟ್ಟು ಆ ಹಿಮದ ಜಾರುಕಣದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೆಟ್ಟದಿಂದ ತಪ್ಪಿಸಿಕೊಂಡು ಬಂದ ಬಾಂಡ್ ಹಬ್ಬದ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿದ್ದಾನೆ. ಸುತ್ತಲೂ ಬೆನ್ನಟ್ಟಿ ಬಂದವರು. ಕರಡಿ ವೇಷದವನೊಬ್ಬ ಎದುರಿಗೆ ಬಂದರೂ ಬೆಚ್ಚಿ ಬೀಳುತ್ತಾನೆ. ಕೊನೆಗೆ ಕಣದ ಅಂಚಿನಲ್ಲಿ ಕೋಟಿನ ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿ ಮುದುಡಿ ಕೂರುತ್ತಾನೆ. ಬಂದೂಕಿಲ್ಲ, ಉಪಾಯವಿಲ್ಲ, ಚಟಾಕಿ ಮಾತೂ ಇಲ್ಲ. ಆಗ ಅವನ ಮುಂದೆ ಒಂದು ಜೊತೆ ಸ್ಕೇಟುಗಳು ಬಂದು ನಿಲ್ಲುತ್ತವೆ. ನಿಧಾನವಾಗಿ ಕಣ್ಣೆತ್ತುತ್ತಾನೆ. ಮುಂದೆ ಅವನ ಹೆಂಡತಿಯಾಗುವವಳ ಪಾತ್ರದ ಡಯಾನಾ ರಿಗ್ ನಿಂತಿದ್ದಾರೆ. ಆ ಕಣ್ಣೆತ್ತುವ ಕ್ಷಣದಲ್ಲಿ ಅವನ ಮುಖದಲ್ಲಿರುವುದು ನಿಜವಾದ ದಿಗಿಲು. ಮೊದಲ ಬಾಂಡ್ ಶಾನ್ ಕಾನರಿ ಅವರಿಂದ ಅದು ಆಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಅವರ ಬಾಂಡ್ ಎಂದೂ ಅಷ್ಟು ಒಂಟಿಯಾಗುವವನಲ್ಲ.

ನನ್ನ ಇಡೀ ಪಟ್ಟಿ ನಿಂತಿರುವುದೇ ಈ ಅಂಜಿಕೆಯ ಮೇಲೆ. ಬಾಂಡ್ ಹೆದರಬಲ್ಲ, ಸೋಲಬಲ್ಲ ಎಂದು ಯಾವ ಚಿತ್ರ ನನ್ನನ್ನು ನಂಬಿಸುತ್ತದೆಯೋ ಅದು ಮೇಲೇರುತ್ತದೆ. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಎರಡನೆಯ ಸ್ಥಾನದಲ್ಲಿರುವುದು ಆ ರೈಲಿನ ಬೋಗಿಗಾಗಿ. ರಾಬರ್ಟ್ ಶಾ ಮಾಡಿದ ಗ್ರಾಂಟ್ ಎಂಬ ಕೊಲೆಗಾರ ಬಾಂಡ್‌ನನ್ನು ಮಂಡಿಯೂರಿಸಿ ಕೂರಿಸಿರುತ್ತಾನೆ. ಊಟದ ಹೊತ್ತಿನಲ್ಲಿ ಮೀನಿನ ಜೊತೆ ಕೆಂಪು ವೈನ್ ತರಿಸಿಕೊಂಡಾಗಲೇ ಇವನ ಬಗ್ಗೆ ಅನುಮಾನ ಬರಬೇಕಿತ್ತು ಎಂದು ಬಾಂಡ್ ಆಗ ಹಳಹಳಿಸುತ್ತಾನೆ. ಆಮೇಲೆ ಹೊಡೆದಾಟ. ದೀಪ ಒಡೆದು ನೀಲಿ ಬೆಳಕೊಂದೇ ಉಳಿಯುತ್ತದೆ, ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಗಾಲಿಯ ಸದ್ದು, ಏದುಸಿರು, ಮೈಗೆ ಮೈ ಬಡಿಯುವ ಸದ್ದು ಅಷ್ಟೇ. ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಆ ನೀಲಿ ದೀಪವೂ ಕೈಕಾಲು ಆಡಿಸಲು ಜಾಗವಿಲ್ಲದ ಆ ಇಕ್ಕಟ್ಟೂ ಗೊತ್ತು. ಬಾಂಡ್ ಅಲ್ಲಿ ಸಾಯಬಹುದು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದೇ ಚಿತ್ರದಲ್ಲಿ ಬಾಂಡ್‌ಗೆ ನೆರವಾಗುವ ಕೆರಿಮ್ ಬೇ ಆಗಿ ಮನಸ್ಸು ತುಂಬಿಕೊಳ್ಳುವ ಪೆಡ್ರೊ ಅರ್ಮೆಂಡಾರಿಸ್ ಚಿತ್ರೀಕರಣದ ವೇಳೆಗೆ ಕ್ಯಾನ್ಸರ್‌ನಿಂದ ಜರ್ಜರಿತರಾಗಿದ್ದರು, ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಅದು ಗೊತ್ತಾದ ಮೇಲೆ ಅವರ ನಗುವನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ.

2006ರ ‘ಕ್ಯಾಸಿನೊ ರೊಯಾಲ್’ ಮೂರನೆಯದು. ಮೆಟ್ಟಿಲ ಮೇಲಿನ ಕೊಲೆಯನ್ನು ಕಣ್ಣಾರೆ ಕಂಡ ನಾಯಕಿ ವೆಸ್ಪರ್ ಉಟ್ಟ ಬಟ್ಟೆಯಲ್ಲೇ ಶವರ್ ಕೆಳಗೆ ನಡುಗುತ್ತಾ ಕೂತಿರುವಾಗ ಡೇನಿಯಲ್ ಕ್ರೇಗ್‌ನ ಬಾಂಡ್ ತಾನೂ ಹೋಗಿ ಪಕ್ಕದಲ್ಲಿ ನೆನೆಯುತ್ತಾ ಕೂರುತ್ತಾನಲ್ಲ, ಅದೊಂದು ಸಾಕು. ನಾಲ್ಕನೆಯ ‘ದಿ ಲಿವಿಂಗ್ ಡೇಲೈಟ್ಸ್’ ಬಗ್ಗೆ ನೀವು ತಕರಾರು ಎತ್ತಿಲ್ಲ. ಟಿಮೊಥಿ ಡಾಲ್ಟನ್ ಅವರನ್ನು ಮೆಚ್ಚುವ ಇನ್ನೊಬ್ಬರು ಮಂಡ್ಯದಲ್ಲಿದ್ದಾರೆಂದು ತಿಳಿದು ಸಂತೋಷವಾಯಿತು. ಐದನೆಯ ‘ಸ್ಕೈಫಾಲ್’ ಬಗ್ಗೆ ಹೋದ ಸಂಚಿಕೆಯಲ್ಲಿ ಬೇಕಾದಷ್ಟು ಬರೆದಿದ್ದೇನೆ.

ಈಗ ‘ಗೋಲ್ಡ್‌ಫಿಂಗರ್’. ಅದರ ಹಾಡು, ಆ್ಯಸ್ಟನ್ ಮಾರ್ಟಿನ್ ಕಾರು, ಕಾಲುಗಳ ನಡುವೆ ಹರಿದು ಬರುವ ಲೇಸರ್ ಕಿರಣ, ಎಲ್ಲವೂ ನನಗೂ ಇಷ್ಟ. ಬಾಂಡ್ ಚಿತ್ರ ಹೇಗಿರಬೇಕು ಎಂಬ ಅಚ್ಚನ್ನು 1964ರಲ್ಲಿ ಎರಕ ಹೊಯ್ದದ್ದೇ ಅದು, ಈ ಮಾತಿನಲ್ಲಿ ನಿಮ್ಮದೇ ಸರಿ. ಆದರೆ ಎರಡನೆಯ ಅರ್ಧವನ್ನು ನೆನಪು ಮಾಡಿಕೊಳ್ಳಿ. ಬಾಂಡ್ ಬಹುಪಾಲು ಸೆರೆಯಲ್ಲೇ ಇರುತ್ತಾನೆ. ಕಡೆಗೆ ಬಾಂಬಿನ ಮುಂದೆ ಕೈಗೆ ಸಿಕ್ಕ ತಂತಿ ಕೀಳಲು ಹೊರಟಾಗ, ಬೇರೊಬ್ಬ ತಜ್ಞ ಬಂದು ಗುಂಡಿ ಒತ್ತಿ ಅದನ್ನು ನಿಲ್ಲಿಸುತ್ತಾನೆ. ಎಣಿಕೆ 007ಕ್ಕೆ ನಿಂತಿತೆಂದು ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ನಿಲ್ಲಿಸಿದವನ ಮುಖ ನಿಮಗೆ ನೆನಪಿದೆಯೇ? ಅಷ್ಟು ಅಸಹಾಯಕನಾಗಿದ್ದರೂ ಲೇಸರ್ ಮೇಜಿನ ಮೇಲಿನ ಆ ಕೆಲವು ನಿಮಿಷ ಬಿಟ್ಟರೆ ಬಾಂಡ್ ಎಲ್ಲಿಯೂ ಬೆವರುವುದಿಲ್ಲ. ಅದಕ್ಕೇ ಆರು. ಇಲ್ಲಿ ಒಂದಂಗುಲವೂ ಕದಲಲಾರೆ.

‘ಆಕ್ಟೊಪಸಿ’ಯ ವಿಷಯದಲ್ಲಿ ನಿಮ್ಮ ಪತ್ರ ನನ್ನನ್ನು ಮತ್ತೆ ಆ ಚಿತ್ರದ ಮುಂದೆ ಕೂರಿಸಿತು. 1983ರ ಆ ಚಿತ್ರದ ಉದಯಪುರವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಾವಾಡಿಗ, ಬೆಂಕಿ, ಮೊಳೆಯ ಹಾಸಿಗೆ, ಕತ್ತಿ ನುಂಗುವವನು, ಒಂದೇ ಬೀದಿಯಲ್ಲಿ ಎಲ್ಲರನ್ನೂ ಗುಡ್ಡೆ ಹಾಕಿದ್ದಾರೆ. ಪಿಚೋಲಾ ಕೆರೆಯ ನಡುವಿನ ಅರಮನೆ ಮಾತ್ರ ತನ್ನ ಘನತೆಯನ್ನು ಕಳೆದುಕೊಂಡಿಲ್ಲ. ಆಟೊರಿಕ್ಷಾ ಅಟ್ಟಾಟದಲ್ಲಿ ವಿಜಯ್ ಅಮೃತ್‌ರಾಜ್ ಟೆನ್ನಿಸ್ ಬ್ಯಾಟ್ ಬೀಸುವುದನ್ನು ಕಂಡು ನಿಮ್ಮ ತಂದೆಯವರು ಎದ್ದು ನಿಂತು ನಕ್ಕರೆಂದು ಬರೆದಿದ್ದೀರಿ. ಆ ನಗುವಿಗೆ ನಾನು ಬೆಲೆ ಕಟ್ಟಲಾರೆ, ಆದರೂ ನನ್ನ ಮುಜುಗರ ಉಳಿಯಿತು.

ನಾನು ಮರೆತದ್ದು ಸರ್ಕಸ್ಸಿನ ಭಾಗವನ್ನು. ಚಿತ್ರದ ಆರಂಭದಲ್ಲಿ ಕೋಡಂಗಿ ವೇಷದ ಗೂಢಚಾರನೊಬ್ಬ ಸಾಯುತ್ತಾನೆ. ಕೊನೆಯ ಭಾಗದಲ್ಲಿ ಬಾಂಡ್ ತಾನೇ ಕೋಡಂಗಿ ಬಣ್ಣ ಹಚ್ಚಿಕೊಂಡು ಸರ್ಕಸ್ ಡೇರೆಯೊಳಗೆ ನುಗ್ಗುತ್ತಾನೆ, ಅಣುಬಾಂಬಿದೆ ಎಂದು ಗೋಗರೆಯುತ್ತಾನೆ. ಜನ ಅದನ್ನೂ ಆಟದ ಭಾಗವೆಂದು ತಿಳಿದು ನಗುತ್ತಾರೆ. ಕಾವಲಿನವರು ಅವನನ್ನೇ ಹಿಡಿದೆಳೆಯುತ್ತಾರೆ. ಬಿಳಿ ಬಣ್ಣ, ಕೆಂಪು ಮೂಗಿನ ಹಿಂದೆ ಮೂರ್ ಅವರ ಕಣ್ಣುಗಳಲ್ಲಿ ನಾನು ಹುಡುಕುತ್ತಿದ್ದ ಅಂಜಿಕೆಯೇ ಇದೆ. ನಿಜ ಹೇಳುತ್ತಿದ್ದರೂ ಯಾರೂ ನಂಬದಿರುವ ಮನುಷ್ಯನ ಅಂಜಿಕೆ. ನನ್ನದೇ ಅಳತೆಗೋಲಿನಿಂದ ಅಳೆದರೂ ಅದು ಹತ್ತೊಂಬತ್ತರಲ್ಲಿ ಇರಬಾರದಿತ್ತು. ಅದನ್ನು ಹನ್ನೊಂದಕ್ಕೆ ಏರಿಸಿದ್ದೇನೆ. ಮೂರ್ ಅವರ ಏಳು ಚಿತ್ರಗಳಲ್ಲಿ ಅದಕ್ಕಿಂತ ಮೇಲೆ ‘ದಿ ಸ್ಪೈ ಹೂ ಲವ್ಡ್ ಮಿ’ ಒಂದೇ, ಅದು ಏಳರಲ್ಲೇ ಇರಲಿ.

ಇನ್ನು ಸಿಐಡಿ 999. ಇದಕ್ಕೆ ನಾನು ವಾದ ಹೂಡುವುದಿಲ್ಲ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್, ನಾಲ್ಕಕ್ಕೂ ನಾಯಕ ರಾಜ್‌ಕುಮಾರ್. 1965ರಲ್ಲಿ ಸತ್ಯ ಹರಿಶ್ಚಂದ್ರನಾಗಿ ಊರೂರನ್ನೇ ಅಳಿಸಿದ ನಟ ಮೂರೇ ವರ್ಷದಲ್ಲಿ ಕೋಟು ತೊಟ್ಟು ಪಿಸ್ತೂಲು ಹಿಡಿದರು, ಜನ ಒಪ್ಪಿದರು. ನಾನು ಪಟ್ಟ ಕಟ್ಟಿದ ಲೇಜೆನ್‌ಬಿ ಪರದೆಗೆ ಬರುವ ಮೊದಲೇ ನಮ್ಮವರ ‘ಜೇಡರ ಬಲೆ’ ಬಂದಿತ್ತು! ಅವರಿಗೆ ಆಲ್ಪ್ಸ್ ಇತ್ತು, ನಮ್ಮವರಿಗೆ ಕಪ್ಪು–ಬಿಳುಪಿನ ಫಿಲ್ಮು, ಜಿ. ಕೆ. ವೆಂಕಟೇಶ್ ಅವರ ಸಂಗೀತ ಮತ್ತು ರಾಜ್‌ಕುಮಾರ್ ಅವರ ನಡಿಗೆ. ‘ಇಫ್ ಯು ಕಮ್ ಟುಡೇ’ ಎಂದು ಅವರು ತಮ್ಮದೇ ಕಂಠದಲ್ಲಿ ಹಾಡಿದ್ದು ನಾಲ್ಕನೆಯ ಚಿತ್ರಕ್ಕೆ. ಆ ಹಾಡನ್ನು ಬಿಟ್ಟು ಗೂಢಚಾರ ಚಿತ್ರಗಳ ಬಗ್ಗೆ ಬರೆದದ್ದಕ್ಕೆ ನಿಮ್ಮ ಕೋಪ ನ್ಯಾಯವಾದದ್ದು. ಈ ನಾಲ್ಕನ್ನು ಬಾಂಡ್ ಚಿತ್ರಗಳ ನಡುವೆ ತುರುಕಿ ಅಂಕ ಹಾಕುವುದು ಮಾತ್ರ ನನಗೆ ಸರಿಕಾಣುವುದಿಲ್ಲ. ಅವುಗಳಿಗೆ ಅವುಗಳದೇ ಲೇಖನ ಬೇಕು, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

ಅದಕ್ಕೆ ನಿಮ್ಮಿಂದ ಒಂದು ಸಹಾಯವಾಗಬೇಕು. ‘ಜಾಕ್‌ಪಾಟ್’ ಚಿತ್ರವನ್ನು ಊರ ಹೊರಗಿನ ಟೂರಿಂಗ್ ಟಾಕೀಸಿನಲ್ಲಿ, ತಂದೆಯವರ ತೊಡೆಯ ಮೇಲೆ ಕೂತು ನೋಡಿದೆನೆಂದೂ ರೀಲು ಬದಲಿಸುವಾಗ ಡೇರೆಯ ತೂತಿನಿಂದ ಕಬ್ಬಿನ ಗದ್ದೆ ಕಾಣುತ್ತಿತ್ತೆಂದೂ ಪತ್ರದ ಕೊನೆಯಲ್ಲಿ ಎರಡೇ ಸಾಲು ಬರೆದು ನಿಲ್ಲಿಸಿದ್ದೀರಿ. ಆ ರಾತ್ರಿಯ ಬಗ್ಗೆ ಎರಡು ಪುಟ ಬರೆದುಕೊಡಿ. ಇಪ್ಪತ್ತನೆಯ ತಾರೀಖಿನೊಳಗೆ ಕೈಸೇರಿದರೆ ನನ್ನ ಲೇಖನಕ್ಕಿಂತ ಮೊದಲು ಅದನ್ನೇ ಹಾಕುತ್ತೇನೆ. ಹೆಸರು ಬೇಡವೆಂದರೆ ಬೇಡ.

— ಸಂಪಾದಕ