25 ಸೆಂಟಿನ ಸಂಸ್ಕಾರ

ಮಾನ್ಯರೇ,

ಮಗಳ ಮನೆಗೆಂದು ಜರ್ಮನಿಗೆ ಹೋದವರು ಎರಡು ತಿಂಗಳಲ್ಲಿ ಅಲ್ಲಿನ ಫ್ರೈಬುರ್ಗ್, ಸ್ವಿಟ್ಜರ್ಲೆಂಡಿನ ಜೂರಿಕ್, ಆಸ್ಟ್ರಿಯಾದ ವಿಯೆನ್ನಾಗಳನ್ನೂ ನೋಡಿಕೊಂಡು ಬಂದು ಬರೆದ ತಮ್ಮ ಆರು ಪುಟಗಳ ಪತ್ರ ತಲುಪಿದೆ. ಅಷ್ಟನ್ನೂ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ಖಾಲಿ ಬಾಟಲಿಗಳನ್ನು ಯಂತ್ರದ ಬಾಯಿಗೆ ಕೊಟ್ಟು ಚೀಟಿ ಪಡೆಯುವ ಮಕ್ಕಳನ್ನು, ಕಸವನ್ನು ನಾಲ್ಕು ಡಬ್ಬಿಗಳಿಗೆ ವಿಂಗಡಿಸುವ ಅಜ್ಜಿಯರನ್ನು, ಫ್ರೈಬುರ್ಗ್‌ನ ಕಾರು ಕಾಣದ ವೋಬಾನ್ ಬಡಾವಣೆಯನ್ನು ತಾವು ಮೆಚ್ಚಿ ವರ್ಣಿಸಿದ್ದೀರಿ. ರೈಲುಹಳಿಯ ಬದಿಯಲ್ಲಿ ಕಂಡ ಸಾಲು ಗುಡಿಸಲುಗಳು ಬಡವರ ಕೇರಿಯೇ ಎಂದು ಕೇಳಿದ್ದೀರಿ. ಕೊನೆಗೆ, "ಹಸಿರು ಅವರ ರಕ್ತದಲ್ಲೇ ಇದೆ, ನಮ್ಮವರಿಗೆ ಆ ಸಂಸ್ಕಾರವೇ ಇಲ್ಲ" ಎಂದು ತೀರ್ಪು ಕೊಟ್ಟಿದ್ದೀರಿ. ತಾವು ನೋಡಿದ್ದರ ಬಗ್ಗೆ ನನ್ನ ಆಕ್ಷೇಪವಿಲ್ಲ. ತಕರಾರು ಇರುವುದು ರಕ್ತದ ಮಾತಿಗೆ.

ಬಾಟಲಿಯಿಂದಲೇ ತೊಡಗೋಣ. ಆ ಯಂತ್ರದ ಹಿಂದಿರುವುದು ಜರ್ಮನರು 'ಪ್ಫಾಂಡ್' ಎನ್ನುವ ಠೇವಣಿ. ಒಮ್ಮೆ ಬಳಸಿ ಎಸೆಯುವ ಬಾಟಲಿ ಅಥವಾ ಡಬ್ಬಿಯಲ್ಲಿ ನೀರನ್ನೋ ಬಿಯರನ್ನೋ ಕೊಂಡರೆ ಬೆಲೆಯ ಜೊತೆಗೆ 25 ಸೆಂಟು, ಅಂದರೆ ಕಾಲು ಯೂರೋ, ಹೆಚ್ಚಿಗೆ ತೆರಬೇಕು; ಖಾಲಿಯಾದದ್ದನ್ನು ಮರಳಿಸಿದರೆ ಯಂತ್ರ ಕೊಡುವ ಚೀಟಿಯಿಂದ ಆ ಹಣ ವಾಪಸು ಸಿಗುತ್ತದೆ. ತೊಳೆದು ಮತ್ತೆ ತುಂಬುವ ಬಿಯರ್ ಬಾಟಲಿಗಾದರೆ ಸಾಮಾನ್ಯವಾಗಿ 8 ಸೆಂಟು. ಈ ಏರ್ಪಾಟು ಯಾರ ಒಳ್ಳೆಯತನದಿಂದಲೂ ಹುಟ್ಟಿದ್ದಲ್ಲ. ಮರಳಿ ತುಂಬುವ ಬಾಟಲಿಗಳ ಪಾಲು ಶೇ 72ಕ್ಕಿಂತ ಕೆಳಗಿಳಿದರೆ ಠೇವಣಿ ಕಡ್ಡಾಯವಾಗುತ್ತದೆ ಎಂಬ ಷರತ್ತನ್ನು 1991ರ ನಿಯಮದಲ್ಲಿ ಸೇರಿಸಿದ್ದರು; ಪಾಲು ಇಳಿಯಿತು, ಉದ್ಯಮದವರು ನ್ಯಾಯಾಲಯದ ಮೆಟ್ಟಿಲೇರಿದರು, ಆ ಜಗ್ಗಾಟವೆಲ್ಲ ಮುಗಿದ ಮೇಲೆ 2003ರ ಜನವರಿ 1ರಂದು ಅದು ಜಾರಿಗೆ ಬಂತು. ಮೊದಲ ವರ್ಷಗಳಲ್ಲಿ ಕೆಲವು ದೊಡ್ಡ ಅಂಗಡಿಗಳು ತಮ್ಮದೇ ವಿಶಿಷ್ಟ ಆಕಾರದ ಬಾಟಲಿಗಳನ್ನು ಮಾಡಿಸಿಕೊಂಡು, ಬೇರೆ ಅಂಗಡಿಯದನ್ನು ವಾಪಸು ಪಡೆಯಲು ಒಪ್ಪುತ್ತಿರಲಿಲ್ಲ. ಆ ಗೊಂದಲ ತೀರಿದ್ದು 2006ರಲ್ಲಿ. ತಾವು ಕಂಡ ಮಕ್ಕಳು ಅನಂತರ ಹುಟ್ಟಿದವರು, ಆದ್ದರಿಂದ ಅವರಿಗೆ ಅದು ಹುಟ್ಟುಗುಣದಂತೆ ಕೂಡಿಬಂದಿದೆ. ಗೋಲಿ ಸೋಡಾ ಕುಡಿದು ಶೀಷೆಯನ್ನು ಅಂಗಡಿಯ ಕಟ್ಟೆಯ ಮೇಲೆಯೇ ಇಟ್ಟು ಬರುತ್ತಿದ್ದ ನಮ್ಮ ತಲೆಮಾರಿಗೆ ಈ ಲೆಕ್ಕ ಅಷ್ಟೇನೂ ಹೊಸದಲ್ಲ. ನಾವು ಅದನ್ನು ಸಂಸ್ಕಾರವೆಂದು ಕರೆಯಲಿಲ್ಲ, ಅಷ್ಟೆ.

ಕೆಲವರು ಖಾಲಿ ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುವುದನ್ನು ತಾವು ಸೌಜನ್ಯವೆಂದು ಬರೆದಿದ್ದೀರಿ. ಸೌಜನ್ಯ ಹೌದು, ಏಕೆಂದರೆ ಅದನ್ನು ಆಯುವವರು ಡಬ್ಬಿಯೊಳಗೆ ಕೈಹಾಕಬೇಕಾಗುವುದಿಲ್ಲ. ಆದರೆ ಪಿಂಚಣಿ ಸಾಕಾಗದ ವೃದ್ಧರು ರೈಲು ನಿಲ್ದಾಣಗಳಲ್ಲಿ ಚೀಲ ಹಿಡಿದು ಈ ಸೆಂಟುಗಳನ್ನು ಆಯುತ್ತಾರೆಂಬುದೂ ಅದೇ ಚಿತ್ರದ ಭಾಗ. ಇನ್ನೊಂದು ಸಂಗತಿಯೂ ಇದೆ: ಯಾವ ಬಾಟಲಿಗಳನ್ನು ಉಳಿಸಲೆಂದು ಈ ನಿಯಮ ಬಂತೋ, ಆ ಮರಳಿ ತುಂಬುವ ಬಾಟಲಿಗಳ ಪಾಲು ಠೇವಣಿ ಬಂದ ಮೇಲೂ ಇಳಿಯುತ್ತಲೇ ಹೋಗಿ ಅರ್ಧಕ್ಕಿಂತ ಕಡಿಮೆಯಾಯಿತು. ಬೀದಿಯೇನೋ ಸ್ವಚ್ಛವಾಯಿತು, ಮೂಲ ಉದ್ದೇಶ ಮಾತ್ರ ಕೈಗೂಡಲಿಲ್ಲ.

ಜೂರಿಕ್‌ನ ಶಿಸ್ತಿಗೂ ಬೆಲೆಯುಂಟು. ಅಲ್ಲಿ 1993ರಿಂದ ಮನೆಯ ಕಸವನ್ನು ನಗರಸಭೆ ನಿಗದಿಪಡಿಸಿದ ಚೀಲದಲ್ಲೇ ಹಾಕಬೇಕು; ವಿಲೇವಾರಿಯ ಶುಲ್ಕವನ್ನು ಚೀಲದ ಬೆಲೆಯಲ್ಲೇ ಸೇರಿಸಿರುವುದರಿಂದ ಹೆಚ್ಚು ಕಸ ಹಾಕಿದವನು ಹೆಚ್ಚು ತೆರುತ್ತಾನೆ. ಬೇರೆ ಚೀಲದಲ್ಲಿ ಕಟ್ಟಿ ಕದ್ದು ಇಟ್ಟರೆ ಅದನ್ನು ಬಿಚ್ಚಿ, ಒಳಗಿನ ಲಕೋಟೆಯ ವಿಳಾಸ ಹಿಡಿದು ದಂಡ ಹಾಕುವ ಸಿಬ್ಬಂದಿಯೂ ಇದ್ದಾರೆ. ನಾನೂ ಒಮ್ಮೆ ಆ ಊರಿನಲ್ಲಿ ಭಾನುವಾರ ಬೆಳಿಗ್ಗೆ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆಯಿಂದ, ಗಾಜಿನ ಬಾಟಲಿಗಳನ್ನು ಸಾರ್ವಜನಿಕ ತೊಟ್ಟಿಗೆ ಹಾಕಲು ಹೋಗಿ, ಮೇಲಿನ ಕಿಟಕಿಯಿಂದ ವೃದ್ಧೆಯೊಬ್ಬರ ಬೈಗುಳ ತಿಂದು ಚೀಲದೊಂದಿಗೆ ಮರಳಿದ್ದೇನೆ. ಗಾಜು ಒಡೆಯುವ ಸದ್ದಿಗೆ ಭಾನುವಾರ ನಿಷೇಧವೆಂದು ತೊಟ್ಟಿಯ ಮೇಲೆಯೇ ಬರೆದಿತ್ತು. ಇಷ್ಟೆಲ್ಲ ಇದ್ದೂ ಸ್ವಿಟ್ಜರ್ಲೆಂಡಿನ ಪ್ರತಿಯೊಬ್ಬರ ಪಾಲಿಗೆ ವರ್ಷಕ್ಕೆ 650 ಕೆ.ಜಿ.ಗೂ ಹೆಚ್ಚು ನಗರತ್ಯಾಜ್ಯ ಬರುತ್ತದೆ, ಯುರೋಪಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಚೆನ್ನಾಗಿ ವಿಂಗಡಿಸುವುದೂ ಕಡಿಮೆ ಕೊಳ್ಳುವುದೂ ಒಂದೇ ಅಲ್ಲ.

ಫ್ರೈಬುರ್ಗ್‌ನ ಕಥೆಯನ್ನು ತಾವು ವೋಬಾನ್ ಬಡಾವಣೆಯಿಂದ ಆರಂಭಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಅದು ಆರಂಭವಾಗುವುದು ಆ ನಗರದ ವಾಯವ್ಯಕ್ಕೆ, ರೈನ್ ನದಿಯ ದಡದಲ್ಲಿರುವ ವೀಲ್ ಎಂಬ ಹಳ್ಳಿಯಲ್ಲಿ. ಅಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟಲು ರಾಜ್ಯ ಸರ್ಕಾರ ಹೊರಟಾಗ ಮೊದಲು ಎದ್ದು ನಿಂತವರು ಕೈಸರ್‌ಸ್ಟೂಲ್ ಗುಡ್ಡಗಳ ದ್ರಾಕ್ಷಿ ಬೆಳೆಗಾರರು. ಸ್ಥಾವರದ ಗೋಪುರಗಳಿಂದೇಳುವ ಹಬೆ ಮಂಜಾಗಿ ಕವಿದರೆ ಬಿಸಿಲು ಕಡಿಮೆಯಾಗಿ ದ್ರಾಕ್ಷಿ ಕೆಡುತ್ತದೆಂಬುದು ಅವರ ಅಂಜಿಕೆಯಾಗಿತ್ತು. ಅವರಲ್ಲಿ ಬಹುಪಾಲು ಸಂಪ್ರದಾಯಸ್ಥ ರೈತರು. ಚಳವಳಿಯ ಗಂಧಗಾಳಿ ಇಲ್ಲದವರು. 1975ರ ಫೆಬ್ರುವರಿ 18ರಂದು ನಿವೇಶನಕ್ಕೆ ನುಗ್ಗಿ ಕುಳಿತರು, ಎರಡು ದಿನದಲ್ಲಿ ಪೊಲೀಸರು ಜಲಫಿರಂಗಿ ಹಿಡಿದು ಹೊರದಬ್ಬಿದರು, ಮುಂದಿನ ಭಾನುವಾರ ಹತ್ತಾರು ಸಾವಿರ ಜನ ಸೇರಿ ಮತ್ತೆ ಒಳಗೆ ಬಂದರು. ನದಿಯಾಚೆಯ ಫ್ರಾನ್ಸಿನ ಅಲ್ಸಾಸ್ ಹಳ್ಳಿಗಳವರೂ ಬಂದಿದ್ದರು. ಎರಡೂ ದಡದವರ ಆಡುನುಡಿ ಒಂದೇ ಬಗೆಯದಾದ್ದರಿಂದ ಮಾತಿಗೆ ತೊಡಕಾಗಲಿಲ್ಲ. ಸ್ಥಾವರ ಕಟ್ಟಲೇ ಇಲ್ಲ. "ಹಾಗಾದರೆ ವಿದ್ಯುತ್ತು ಎಲ್ಲಿಂದ?" ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಹೊಣೆ ಗೆದ್ದವರ ಹೆಗಲಿಗೆ ಬಿತ್ತು, 1977ರಲ್ಲಿ ಫ್ರೈಬುರ್ಗ್‌ನಲ್ಲಿ ಹುಟ್ಟಿದ ಪರಿಸರ ಸಂಶೋಧನಾ ಸಂಸ್ಥೆಯೂ, ಮುಂದೆ ಆ ನಗರ ಸೌರಶಕ್ತಿಗೆ ಹೆಸರಾದದ್ದೂ ಆ ಹೊಣೆಯ ಬೆನ್ನಲ್ಲೇ ಬಂದವು.

ವೋಬಾನ್ ಕೂಡ ಮೊದಲು ಫ್ರೆಂಚ್ ಸೈನ್ಯದ ಬ್ಯಾರಕ್ ಆಗಿತ್ತು. ಸೈನಿಕರು 1992ರಲ್ಲಿ ಜಾಗ ಬಿಟ್ಟ ಮೇಲೆ ಬಡಾವಣೆ ಬೆಳೆಯಿತು. ಅಲ್ಲಿನ ಬಹುಪಾಲು ಬೀದಿಗಳಲ್ಲಿ ಮನೆಯ ಮುಂದೆ ಕಾರು ನಿಲ್ಲಿಸುವಂತಿಲ್ಲ. ಕಾರು ಇಟ್ಟುಕೊಳ್ಳುವವರು ಬಡಾವಣೆಯ ಅಂಚಿನ ನಿಲುಗಡೆ ಕಟ್ಟಡದಲ್ಲಿ ದುಬಾರಿ ಬೆಲೆ ತೆತ್ತು ಜಾಗ ಕೊಳ್ಳಬೇಕು, ಇಟ್ಟುಕೊಳ್ಳದವರು ಹಾಗೆಂದು ಬರೆದುಕೊಡಬೇಕು. ಮಕ್ಕಳು ಬೀದಿಯಲ್ಲಿ ಚೆಂಡಾಡುವುದನ್ನು ಕಂಡು ತಮಗೆ ಬಾಲ್ಯ ನೆನಪಾಯಿತೆಂದು ಬರೆದಿದ್ದೀರಲ್ಲ, ಅದಕ್ಕೆ ಆಧಾರವಾಗಿ ನಿಂತಿರುವುದು ಈ ಕರಾರುಪತ್ರ.

ವಿಯೆನ್ನಾದ ನಲ್ಲಿನೀರಿನ ರುಚಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದು ಸಾಲದು. ಬಾವಿನೀರಿನಿಂದ ವಾಂತಿಭೇದಿ, ವಿಷಮಶೀತ ಜ್ವರಗಳು ಹರಡುತ್ತಿದ್ದ ಕಾಲದಲ್ಲಿ ಭೂವಿಜ್ಞಾನಿ ಎಡುವಾರ್ಡ್ ಝ್ಯೂಸ್ ಪಟ್ಟು ಹಿಡಿದು ಆಲ್ಪ್ಸ್ ಬೆಟ್ಟಗಳ ಊಟೆನೀರನ್ನು ನಗರಕ್ಕೆ ತರಿಸಿದರು. ಮೊದಲ ಕಾಲುವೆ 1873ರಲ್ಲಿ, ಎರಡನೆಯದು 1910ರಲ್ಲಿ ತೆರೆಯಿತು. ನೀರು ಇಂದಿಗೂ ಇಳಿಜಾರಿನಲ್ಲೇ ಹರಿದು ಬರುತ್ತದೆ. ಊಟೆಗಳ ಸುತ್ತಲಿನ ಕಾಡುಗಳನ್ನು ಮರಮಟ್ಟಿನ ಲಾಭಕ್ಕಲ್ಲದೆ ನೀರಿಗಾಗಿಯೇ ವಿಯೆನ್ನಾ ನಗರಾಡಳಿತ ಕಾಯುತ್ತದೆ. ತಾವು "ಅರಮನೆಯಂಥ ಕಸದ ಕಾರ್ಖಾನೆ" ಎಂದ ಷ್ಪಿಟ್ಟೆಲಾವ್, 1987ರ ಬೆಂಕಿಯ ನಂತರ ಕಲಾವಿದ ಹುಂಡರ್ಟ್‌ವಾಸರ್ ಹೊಸ ರೂಪ ಕೊಟ್ಟ ಕಟ್ಟಡ; ಕಸ ಸುಟ್ಟ ಶಾಖದಿಂದ ಅದು ಸಾವಿರಾರು ಮನೆಗಳನ್ನು ಬೆಚ್ಚಗಿಡುತ್ತದೆ.

ಜರ್ಮನರಿಗೆ ಅನಾದಿಯಿಂದಲೂ ಕಾಡೆಂದರೆ ಪ್ರೀತಿ ಎಂಬ ತಮ್ಮ ಮಾತನ್ನೂ ಸ್ವಲ್ಪ ತಿದ್ದಬೇಕಾಗಿದೆ. ಬೆಳೆದಷ್ಟನ್ನೇ ಕಡಿಯಬೇಕೆಂಬ ವಿಚಾರವನ್ನು 1713ರಲ್ಲಿ ಪುಸ್ತಕವಾಗಿ ಬರೆದ ಕಾರ್ಲೊವಿಟ್ಸ್ ಸ್ಯಾಕ್ಸನಿಯ ಗಣಿ ಅಧಿಕಾರಿ. ಬೆಳ್ಳಿ ಕರಗಿಸುವ ಕುಲುಮೆಗಳಿಗೆ ಸೌದೆ ತೀರುತ್ತಿದ್ದುದೇ ಅವರ ಚಿಂತೆಯಾಗಿತ್ತು. ಅದೇ ಪರಂಪರೆಯ ಅರಣ್ಯಶಾಸ್ತ್ರವನ್ನು ಹೊತ್ತು, ಬಾನ್ ನಗರದ ಡೀಟ್ರಿಖ್ ಬ್ರಾಂಡಿಸ್ 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಾಧಿಕಾರಿಯಾದರು. ಹೀಗಾಗಿ ನಮ್ಮ ತೇಗದ ನೆಡುತೋಪುಗಳಿಗೂ ಆ ನಾಡಿಗೂ ನಂಟಿದೆ. ಇನ್ನು 2023ರ ಜನವರಿಯಲ್ಲಿ ಲ್ಯೂಟ್ಸೆರಾಟ್ ಎಂಬ ಹಳ್ಳಿಯಿಂದ ಪ್ರತಿಭಟನಾಕಾರರನ್ನು ಎತ್ತಿಹಾಕಿ ಕಲ್ಲಿದ್ದಲು ತೋಡಲು ದಾರಿಮಾಡಿಕೊಟ್ಟ ದೇಶವೂ ಅದೇ.

ಈಗ ಗುಡಿಸಲುಗಳ ಪ್ರಶ್ನೆ. ಅದು ಬಡವರ ಕೇರಿಯಲ್ಲ. 'ಶ್ರೇಬರ್ ತೋಟ'ಗಳೆಂದು ಜನ ಕರೆಯುವ, ಸಂಘದಿಂದ ಗೇಣಿಗೆ ಪಡೆದ ಕೈತೋಟಗಳು. ಲೈಪ್‌ಜಿಗ್‌ನಲ್ಲಿ 1860ರ ದಶಕದಲ್ಲಿ ಮಕ್ಕಳ ಆಟದ ಬಯಲಿನ ಅಂಚಿನ ಪಾತಿಗಳಾಗಿ ಶುರುವಾಗಿ, ಯುದ್ಧಕಾಲದ ಹಸಿವಿನಲ್ಲಿ ಆಲೂಗಡ್ಡೆ ಕೊಟ್ಟು ಕುಟುಂಬಗಳನ್ನು ಸಾಕಿದವು. ಇಂದಿನ ಕಾನೂನಿನಂತೆ ಗುಡಿಸಲು 24 ಚದರ ಮೀಟರ್ ಮೀರಬಾರದು, ಅದರಲ್ಲಿ ಕಾಯಂ ವಾಸ ಮಾಡಬಾರದು. ತೋಟದ ಸುಮಾರು ಮೂರನೆಯ ಒಂದು ಭಾಗದಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕೆಂದು ನ್ಯಾಯಾಲಯವೂ ಹೇಳಿದೆ. ಬೇಲಿಯ ಎತ್ತರದ ಬಗ್ಗೆ ನೆರೆಹೊರೆಯವರು ಜಗಳವಾಡುತ್ತಾರೆ, ಜಗಳ ಮುಗಿದ ಮೇಲೆ ಸೌತೆಕಾಯಿ ಹಂಚಿಕೊಳ್ಳುತ್ತಾರೆ. ತಮ್ಮ ಮಗಳು ಅಲ್ಲಿ ಮೆಂತ್ಯ ಬಿತ್ತುವ ಆಸೆಯಲ್ಲಿದ್ದಾರೆಂದು ಬರೆದಿದ್ದೀರಿ. ಹಾಗಿದ್ದರೆ ಹತ್ತಿರದ ಸಂಘದಲ್ಲಿ ಈಗಲೇ ಹೆಸರು ಬರೆಸಲು ತಿಳಿಸಿ. ದೊಡ್ಡ ನಗರಗಳಲ್ಲಿ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ.

— ಸಂಪಾದಕ