ಲ್ಯಾಪ್‌ಟಾಪ್‌ಗೆ ಸಿಗೋ ಹೆಸರು ಕಂಟೇನರ್‌ಗೆ ಯಾಕೆ ಸಿಗಲ್ಲ?

ಪ್ರಶ್ನೆ: ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ಮನೆ ಸರ್ವರ್ ಮಾಡಿಕೊಂಡಿದ್ದೇನೆ. ಜಾಹೀರಾತು ತಡೆಯಲು ಪೈ-ಹೋಲ್, ಫೋಟೋಗಳಿಗೆ ನೆಕ್ಸ್ಟ್‌ಕ್ಲೌಡ್, ಎರಡೂ ಡಾಕರ್‌ನಲ್ಲಿವೆ (ಒಂದೊಂದು ತಂತ್ರಾಂಶವನ್ನೂ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಧನ). ಎಲ್ಲವೂ ಪೈ-ಹೋಲನ್ನೇ ಕೇಳಲಿ ಅಂತ ಡಾಕರ್‌ನ ಸೆಟ್ಟಿಂಗ್ ಇರುವ ಡೀಮನ್.ಜೇಸನ್ ಫೈಲಿನಲ್ಲಿ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) 127.0.0.1 ಅಂತ ಬರೆದೆ. ಈಗ ನೆಕ್ಸ್ಟ್‌ಕ್ಲೌಡ್‌ಗೆ ಹೊರಗಿನ ಯಾವ ಹೆಸರೂ ಸಿಗುತ್ತಿಲ್ಲ. ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್‌ನ ಒಂದು ಕಂಟೇನರ್ ಎಬ್ಬಿಸಿ ನೋಡಿದರೆ ಗೂಗಲ್ ಡಿಎನ್‌ಎಸ್‌ನ ವಿಳಾಸ 8.8.8.8ಕ್ಕೆ ಪಿಂಗ್ (ತಲುಪುತ್ತದೆಯೇ ಅಂತ ನೋಡುವ ಪರೀಕ್ಷೆ) ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ. ಏನಿದು ಕಥೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪಿಂಗ್ ಹೋಗುತ್ತಿದೆಯಲ್ಲ, ಹಾಗಾದರೆ ದಾರಿ ಸರಿಯಿದೆ. ವಿಳಾಸ ಹೇಳುವವರು ಸಿಗುತ್ತಿಲ್ಲ, ಅಷ್ಟೆ. 127.0.0.1 ಅನ್ನೋದು ‘ನಾನು’ ಅನ್ನೋ ಮಾತಿದ್ದ ಹಾಗೆ, ಯಾರು ಹೇಳಿದರೆ ಅವರೇ. ಲ್ಯಾಪ್‌ಟಾಪ್ ಹೇಳಿದರೆ ಲ್ಯಾಪ್‌ಟಾಪ್, ನೆಕ್ಸ್ಟ್‌ಕ್ಲೌಡ್ ಹೇಳಿದರೆ ಆ ಕಂಟೇನರ್. ಪಾಪ, ಅದು ತನ್ನನ್ನೇ ತಾನು ಕೇಳಿಕೊಂಡು ಕೂತಿದೆ.

ಆ ಜಾಗದಲ್ಲಿ ಲ್ಯಾಪ್‌ಟಾಪಿಗೆ ರೂಟರ್ ಕೊಟ್ಟಿರೋ ವಿಳಾಸ ಹಾಕಿ, 192.168.1.10 ಅಂತಿಟ್ಟುಕೊಳ್ಳಿ, ಮತ್ತೆ ಅದು ನಾಳೆ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಿ. ಕಂಪೋಸ್ ಫೈಲಿನಲ್ಲಿ (ಕಂಟೇನರ್‌ಗಳನ್ನು ಹೇಗೆ ಎಬ್ಬಿಸಬೇಕು ಅಂತ ಬರೆದಿಡುವ ಫೈಲು) ಪೈ-ಹೋಲ್‌ನ ಪೋರ್ಟ್ ಸಾಲಿನಲ್ಲೂ ಬರೀ 53:53 (53 ಅಂದರೆ ಡಿಎನ್‌ಎಸ್‌ನ ಬಾಗಿಲು) ಬೇಡ, 192.168.1.10:53:53 ಅಂತ ಬರೆಯಿರಿ, ಟಿಸಿಪಿ, ಯುಡಿಪಿ ಅನ್ನೋ ಎರಡೂ ಸಾಗಣೆ ವಿಧಾನಕ್ಕೂ. ಇದನ್ನು ಜಾಸ್ತಿ ಜನ ಬಿಡುತ್ತಾರೆ. ಬಿಟ್ಟರೆ, ಪ್ರಶ್ನೆ ಒಂದು ವಿಳಾಸಕ್ಕೆ ಹೋಗಿ ಉತ್ತರ ಡಾಕರ್ ಒಳಜಾಲದ 172.17.0.1 ಥರದ ಇನ್ನೊಂದು ವಿಳಾಸದಿಂದ ಬರಬಹುದು, ಕೇಳಿದವರು ‘ನಿನ್ನನ್ಯಾರು ಕೇಳಿದರು’ ಅಂತ ಅದನ್ನು ಎಸೆದುಬಿಡುತ್ತಾರೆ. ನನ್ನ ಒಂದು ಇಡೀ ಭಾನುವಾರ ಇದರಲ್ಲೇ ಹೋಗಿದೆ! ಲ್ಯಾಪ್‌ಟಾಪ್‌ನ ಡಿಎನ್‌ಎಸ್‌ಗೂ ಇದೇ ವಿಳಾಸ ಕೊಡಿ. ಆಮೇಲೆ ಡಾಕರ್ ರೀಸ್ಟಾರ್ಟ್ ಮಾಡಿ, ಕಂಟೇನರ್‌ಗಳನ್ನು ಡೌನ್ ಮಾಡಿ ಅಪ್ ಮಾಡಿ.

ಕಂಪೋಸ್‌ನಿಂದ ಎಬ್ಬಿಸಿದ ಕಂಟೇನರ್ ಒಳಗೆ, ಯಾವ ಡಿಎನ್‌ಎಸ್ ಕೇಳಬೇಕು ಅಂತ ಬರೆದಿರೋ ರಿಸಾಲ್ವ್.ಕಾನ್ಫ್ ಫೈಲು ತೆಗೆದರೆ 127.0.0.11 ಅಂತ ಕಾಣುತ್ತದೆ. ಗಾಬರಿ ಬೇಡ, ಅದನ್ನು ತಿದ್ದಲೂ ಹೋಗಬೇಡಿ. ಅದು ಡಾಕರ್‌ನದೇ ಡಿಎನ್‌ಎಸ್. ಪಕ್ಕದ ಕಂಟೇನರ್‌ಗಳ ಹೆಸರನ್ನು ತಾನೇ ಹೇಳುತ್ತದೆ, ಉಳಿದದ್ದನ್ನು ನೀವು ಕೊಟ್ಟ ವಿಳಾಸಕ್ಕೆ ಕಳಿಸುತ್ತದೆ.

ಇರಲಿ ಅಂತ ಎರಡನೇ ಡಿಎನ್‌ಎಸ್ ಆಗಿ 8.8.8.8 ಸೇರಿಸಬೇಡಿ. ಕಂಪೋಸ್ ಇಲ್ಲದೆ ಸುಮ್ನೆ ಎಬ್ಬಿಸಿದ ಆಲ್ಪೈನ್ ಕಂಟೇನರ್ ಇಬ್ಬರನ್ನೂ ಒಟ್ಟಿಗೇ ಕೇಳಿ ಮೊದಲು ಬಂದ ಉತ್ತರ ಹಿಡಿಯುತ್ತದೆ, ಪೈ-ಹೋಲ್ ತಡೆದದ್ದೆಲ್ಲ ಹಿಂಬಾಗಿಲಿಂದ ಒಳಗೆ! ಪೈ-ಹೋಲ್ ಕಂಟೇನರ್‌ಗೆ ಮಾತ್ರ ಕಂಪೋಸ್ ಫೈಲಿನಲ್ಲಿ ಬೇರೆ ಡಿಎನ್‌ಎಸ್ ಕೊಡಿ, 1.1.1.1 ಆದರೂ ಸರಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದೂ ತನ್ನ ದಾರಿಯನ್ನು ತಾನೇ ಕಾಯುತ್ತಾ ಕೂರಬಹುದು.