ನಿಕ್ ಡ್ರೇಕ್: ಗೆಳತಿಗೆ ಮೊದಲು ಯಾವ ಹಾಡು?

ಕರ್ನಾಟಕ ಸಂಗೀತ ಕಲಿತ ಗೆಳತಿಗೆ ಇಂಗ್ಲೆಂಡಿನ ಹಾಡುಗಾರ, ಗಿಟಾರ್ ವಾದಕ ನಿಕ್ ಡ್ರೇಕ್‌ನನ್ನು ಪರಿಚಯಿಸಬೇಕು, ‘ಪಿಂಕ್ ಮೂನ್’ ಆಲ್ಬಮ್ಮನ್ನು ಇಡಿಯಾಗಿ ಕಳುಹಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಮೊದಲು ‘ರಿವರ್ ಮ್ಯಾನ್’ ಒಂದನ್ನೇ ಕಳುಹಿಸಿ. 1969ರಲ್ಲಿ ಬಂದ ಅವನ ಮೊದಲ ಆಲ್ಬಮ್ಮಿನ ಹಾಡು ಅದು. ಐದರ ಎಣಿಕೆಯಲ್ಲಿ ಸಾಗುತ್ತದೆ. ಖಂಡಛಾಪು ತಾಳಕ್ಕೆ ಒಗ್ಗಿದ ಕೈ ತಾನಾಗಿ ತೊಡೆ ತಟ್ಟತೊಡಗುತ್ತದೆ. ಗಿಟಾರ್ ಆ ಐದನ್ನು ಒಂದಿಷ್ಟೂ ಅಲುಗದೆ ಹಿಡಿದಿರುತ್ತದೆ, ದನಿ ಮಾತ್ರ ಅದರ ಮೇಲೆ ತುಸು ತಡವಾಗಿ, ಅವಸರವಿಲ್ಲದೆ ಇಳಿಯುತ್ತದೆ. ಆಮೇಲೆ ಹ್ಯಾರಿ ರಾಬಿನ್ಸನ್ ಸಂಯೋಜಿಸಿದ ತಂತಿವಾದ್ಯಗಳು ಮೋಡದಂತೆ ಕವಿಯುತ್ತವೆ. ಇಷ್ಟು ದುಗುಡದ ಹಾಡಿನಲ್ಲಿ ಗೋಳಾಟ ಒಂದು ಚೂರೂ ಇಲ್ಲ. ನನ್ನ ಮಟ್ಟಿಗೆ ಅದರ ದೊಡ್ಡತನವೇ ಅದು.

ಅವರಿಗೆ ಹಿಡಿಸಿದರೆ ಆಗ 1972ರ ‘ಪಿಂಕ್ ಮೂನ್’. ಅರ್ಧ ಗಂಟೆಗೂ ಕಡಿಮೆ. ಗಿಟಾರ್, ದನಿ, ಶೀರ್ಷಿಕೆ ಗೀತೆಯಲ್ಲಿ ಒಂದಿಷ್ಟು ಪಿಯಾನೊ, ಅಷ್ಟೇ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕುಳಿತು ಕೇಳಿ, ನಡುವೆ ವಿವರಿಸಲು ಹೋಗಬೇಡಿ.

ಇನ್ನೊಂದು ವಿನಂತಿ. ಅವನು 1974ರಲ್ಲಿ, 26ನೇ ವಯಸ್ಸಿನಲ್ಲೇ ತೀರಿಕೊಂಡ ಕಥೆಯನ್ನು ಮೊದಲೇ ಹೇಳಬೇಡಿ. ಹೇಳಿದರೆ ಕೇಳುವವರು ಸಾಲುಸಾಲಿನಲ್ಲೂ ಸಾವನ್ನೇ ಹುಡುಕುತ್ತಾರೆ, ಬೆರಳುಗಳ ಕುಸುರಿ ಕಿವಿಗೆ ಬೀಳುವುದೇ ಇಲ್ಲ. ಅದರ ಬದಲು, ಎಷ್ಟೋ ಹಾಡುಗಳಿಗೆ ಅವನು ಗಿಟಾರಿನ ತಂತಿಗಳ ಶ್ರುತಿಯನ್ನೇ ಬೇರೆಯಾಗಿ ಕೂಡಿಸಿಕೊಳ್ಳುತ್ತಿದ್ದ ಎಂದು ಹೇಳಿ. ಸಂಗೀತ ಬಲ್ಲವರಿಗೆ ಕುತೂಹಲ ಹುಟ್ಟಲು ಅಷ್ಟು ಸಾಕು. ಅವನ ಇನ್ನೊಂದು ಆಲ್ಬಮ್ ‘ಬ್ರೈಟರ್ ಲೇಟರ್’ ಕೊನೆಗಿರಲಿ.